ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಯಾವ ಸೆಟ್ಟಿಂಗ್ ಬದಲಿಸಬೇಕು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ

ಏಳು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದೆ. ವಿಂಡೋಸ್ 10 ತೆರೆದುಕೊಳ್ಳಲು ಹಲವು ನಿಮಿಷ ಹಿಡಿಯುತ್ತಿರುವುದರಿಂದ 500 ಜಿಬಿಯ ಸಾಟಾ ಎಸ್‌ಎಸ್‌ಡಿಯೊಂದನ್ನು (ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ಸಂಗ್ರಹಿಸುವ ಡ್ರೈವ್; ಸಾಟಾ ಎಂಬುದು ಅದನ್ನು ಜೋಡಿಸುವ ಸಂಪರ್ಕದ ಬಗೆ) ತಂದಿದ್ದೇನೆ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಸಜ್ಜುಗೊಳಿಸುವ ತಂತ್ರಾಂಶ) ಎಎಚ್‌ಸಿಐ ಎಂಬ ಡ್ರೈವ್ ಸಂಪರ್ಕ ವಿಧಾನ ಇರಲೇಬೇಕೆಂದೂ, ಡಿಫ್ರಾಗ್ (ಚದುರಿದ ಕಡತಗಳ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ), ಪೇಜ್ ಫೈಲ್ (ರ್‍ಯಾಮ್ ಸಾಲದಾಗ ಬಳಕೆಯಾಗುವ ಡಿಸ್ಕ್ ಕಡತ), ಹೈಬರ್ನೇಶನ್ (ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಯಂತ್ರ ಆರಿಸುವುದು) ಇವೆಲ್ಲವನ್ನೂ ನಿಲ್ಲಿಸಬೇಕೆಂದೂ ಓದಿದೆ. ಇವುಗಳಲ್ಲಿ ನಿಜವಾಗಿ ಅಗತ್ಯವಾದದ್ದು ಯಾವುದು? ಈ ಕೆಲಸವನ್ನು ಸ್ವತಃ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನೀವು ಹೆಸರಿಸಿದವುಗಳಲ್ಲಿ ಎಸ್‌ಎಸ್‌ಡಿ ಕೂರಿಸುವ ಮೊದಲೇ ನೋಡಿಕೊಳ್ಳಬೇಕಾದದ್ದು ಎಎಚ್‌ಸಿಐ ಒಂದೇ. ಹಳೆಯ ಐಡಿಇ ವಿಧಾನದಲ್ಲಿ ಡ್ರೈವ್‌ಗೆ ಒಂದು ಸಲಕ್ಕೆ ಒಂದೇ ಆದೇಶ ಹೋಗುತ್ತದೆ. ಎಎಚ್‌ಸಿಐಯಲ್ಲಿ 32 ಆದೇಶಗಳವರೆಗೆ ಒಟ್ಟಿಗೆ ಕೊಟ್ಟು, ಅವುಗಳನ್ನು ಯಾವ ಕ್ರಮದಲ್ಲಿ ಮುಗಿಸಬೇಕೆಂಬುದನ್ನು ಡ್ರೈವ್‌ಗೇ ಬಿಡಬಹುದು. ಒಂದೇ ವೇಳೆಗೆ ಹತ್ತಾರು ಸಣ್ಣ ಕಡತಗಳನ್ನು ಓದಬೇಕಾಗುವಾಗ ಇದರ ಲಾಭ ಕಾಣುತ್ತದೆ.

ಆದರೆ ಈ ಬದಲಾವಣೆಗೆ ಒಂದು ಕ್ರಮವಿದೆ, ಮತ್ತು ನಾನು ಅದನ್ನು ತಪ್ಪಿಸಿ ಒಂದು ಇಡೀ ದಿನ ಪರದಾಡಿದ್ದೇನೆ. ಕ್ಲೋನ್ (ಹಳೆಯ ಡಿಸ್ಕಿನಲ್ಲಿದ್ದುದೆಲ್ಲವನ್ನೂ ಹೊಸದಕ್ಕೆ ಯಥಾವತ್ತಾಗಿ ನಕಲಿಸುವುದು) ಮುಗಿದು ಎಲ್ಲವೂ ಸರಿಯಾಗಿ ನಡೆಯುತ್ತಿದ್ದಾಗ, ಬಯೋಸ್‌ನಲ್ಲಿ ಐಡಿಇ ಎಂದಿದ್ದುದನ್ನು ಎಎಚ್‌ಸಿಐ ಎಂದು ಬದಲಿಸಿ ಉಳಿಸಿದೆ. ಮರುಕ್ಷಣವೇ ನೀಲಿ ಪರದೆ ಬಂದು, ಅದರಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ದೋಷ ಕಾಣಿಸಿತು. ಹೊಸ ಡ್ರೈವ್ ಕೆಟ್ಟಿತೆಂದೇ ಭಾವಿಸಿದ್ದೆ. ವಾಸ್ತವದಲ್ಲಿ ವಿಂಡೋಸ್ ತಾನು ಇನ್‌ಸ್ಟಾಲ್ ಆದ ವಿಧಾನಕ್ಕೆ ಬೇಕಾದ ಡ್ರೈವರನ್ನಷ್ಟೇ (ಯಂತ್ರದ ಭಾಗವನ್ನು ನಡೆಸುವ ತಂತ್ರಾಂಶ) ಆರಂಭದಲ್ಲಿ ಎತ್ತಿಕೊಳ್ಳುತ್ತದೆ. ಬಯೋಸ್‌ನಲ್ಲಿ ಹಳೆಯ ಆಯ್ಕೆಗೆ ಮರಳಿದೊಡನೆ ಲ್ಯಾಪ್‌ಟಾಪ್ ಎಂದಿನಂತೆ ತೆರೆದುಕೊಂಡಿತು.

ಸರಿಯಾದ ದಾರಿ ಹೀಗಿದೆ. ವಿಂಡೋಸ್‌ನ ಎಮ್‌ಎಸ್‌ಕಾನ್ಫಿಗ್ ಎಂಬ ಸಲಕರಣೆ ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್ ಆಯ್ಕೆಮಾಡಿ, ಮರುಆರಂಭಿಸುವಾಗ ನೇರವಾಗಿ ಬಯೋಸ್‌ಗೆ ಹೋಗಿ ಎಎಚ್‌ಸಿಐಗೆ ಬದಲಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಹೊಸ ಡ್ರೈವರನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ. ಅನಂತರ ಎಮ್‌ಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ತೆಗೆದು ಮತ್ತೊಮ್ಮೆ ಆರಂಭಿಸಿದರೆ ಮುಗಿಯಿತು. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದಿರುವ ಸಾಧ್ಯತೆ ಇರುವುದರಿಂದ ಖಾತೆಯ ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ (ಡಿಸ್ಕನ್ನು ಕೀ ಇಲ್ಲದೆ ಓದಲಾಗದಂತೆ ಮಾಡುವ ಸೌಲಭ್ಯ) ಚಾಲನೆಯಲ್ಲಿದ್ದರೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದಾಗ ಅದು ಆ ಕೀ ಕೇಳಬಹುದು, ಮತ್ತು ಕೀ ಇಲ್ಲದಿದ್ದರೆ ನಿಮ್ಮ ದತ್ತಾಂಶ ನಿಮಗೇ ಸಿಗುವುದಿಲ್ಲ.

ವಿಂಡೋಸನ್ನು ಹೊಸದಾಗಿ ಹಾಕುವವರಿಗೆ ಈ ತೊಂದರೆಯೇ ಇಲ್ಲ. ಎಎಚ್‌ಸಿಐ ಮಾಡಿಕೊಂಡು ಇನ್‌ಸ್ಟಾಲ್ ಆರಂಭಿಸಿದರೆ ಸಾಕು.

ಉತ್ತರ 2

ಕ್ಲೋನ್ ಮಾಡುವುದಾದರೆ ಬಯೋಸ್‌ನ ಇನ್ನೊಂದು ಆಯ್ಕೆಯನ್ನೂ ಗಮನಿಸಬೇಕಾಗುತ್ತದೆ. 'ಸಿಸ್ಟಮ್ ಇನ್ಫರ್ಮೇಶನ್' ತೆರೆದರೆ ಬಯೋಸ್ ಮೋಡ್ ಎಂಬ ಸಾಲಿನಲ್ಲಿ ಲೆಗಸಿ (ಯಂತ್ರ ಆರಂಭವಾಗುವ ಹಳೆಯ ವಿಧಾನ) ಅಥವಾ ಯುಇಎಫ್‌ಐ (ಹೊಸ ವಿಧಾನ) ಎಂದಿರುತ್ತದೆ. ಲೆಗಸಿ ವಿಧಾನದಲ್ಲಿ ನಡೆಯುವ ಹಳೆಯ ಡಿಸ್ಕ್ ಎಂಬಿಆರ್ (ಡಿಸ್ಕಿನ ವಿಭಾಗಗಳ ಪಟ್ಟಿ ಇಡುವ ಹಳೆಯ ಕ್ರಮ) ಮಾದರಿಯದಾಗಿರುತ್ತದೆ, ಅದರ ನಕಲೂ ಹಾಗೆಯೇ ಇರುತ್ತದೆ. ಹೀಗಿರುವಾಗ ಬಯೋಸನ್ನು ಯುಇಎಫ್‌ಐಗೆ ಮಾತ್ರ ಬದಲಿಸಿದರೆ 'ಬೂಟ್ ಡಿವೈಸ್ ಸಿಗಲಿಲ್ಲ' ಎಂಬ ಸಂದೇಶ ಬರುವುದು ಸಹಜ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಲಕರಣೆ ವಿಂಡೋಸ್‌ನಲ್ಲಿಯೇ ಇದ್ದು, ಕಡತಗಳನ್ನು ಅಳಿಸದೆ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ಎಂಬ ಹೊಸ ಕ್ರಮಕ್ಕೆ ಪರಿವರ್ತಿಸುತ್ತದೆ. ನಾನು ಅದನ್ನು ಕ್ಲೋನ್ ಆದ ಮೇಲೆ, ಹೊಸ ಡ್ರೈವ್‌ನ ಮೇಲಷ್ಟೇ ನಡೆಸಿದೆ. ಏನಾದರೂ ತಪ್ಪಿದರೆ ಹಳೆಯದು ಹಾಗೆಯೇ ಉಳಿದಿರುತ್ತದೆಂಬ ಧೈರ್ಯವಿತ್ತು. 500 ಜಿಬಿ ಡ್ರೈವ್‌ಗೆ ಜಿಪಿಟಿ ಅನಿವಾರ್ಯವಲ್ಲ. 2 ಟಿಬಿ ಮೀರಿದ ಜಾಗವನ್ನು ಎಂಬಿಆರ್ ಗುರುತಿಸದಿರುವುದರಿಂದ ದೊಡ್ಡ ಡ್ರೈವ್ ಹಾಕುವವರಿಗೆ ಮಾತ್ರ ಅದು ಬೇಕೇ ಬೇಕು.

ನಿಮ್ಮ ಹಳೆಯ ಡಿಸ್ಕ್ ಹೊಸದರ ಎರಡರಷ್ಟಿದೆ, ಆದ್ದರಿಂದ ಮೊದಲು ತುಂಬಿರುವ ಜಾಗವನ್ನು 400 ಜಿಬಿಯ ಒಳಗೆ ತನ್ನಿ. ಕ್ಲೋನ್ ಆದ ಬಳಿಕ ಹಳೆಯ ಡಿಸ್ಕನ್ನು ಬೇರ್ಪಡಿಸಿ, ಹೊಸದೊಂದರಿಂದಲೇ ಮೊದಲ ಬಾರಿ ತೆರೆಯಿರಿ. ಎರಡೂ ಒಂದೇ ಗುರುತಿನ ಸಂಖ್ಯೆ ಹೊಂದಿರುವುದರಿಂದ ಒಟ್ಟಿಗೆ ಜೋಡಿಸಿದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ.

ಉತ್ತರ 3

ನೀವು ಓದಿದ 'ನಿಲ್ಲಿಸಬೇಕಾದವುಗಳ' ಪಟ್ಟಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದನ್ನು ಅಕ್ಷರಶಃ ಪಾಲಿಸಿದವರ ಯಂತ್ರಗಳನ್ನು ಮತ್ತೆ ಸರಿಪಡಿಸಿಕೊಟ್ಟಿದ್ದೇನೆ. ಬರೆದಷ್ಟೂ ಎಸ್‌ಎಸ್‌ಡಿ ಸವೆಯುತ್ತದೆಂಬ ಭಯದ ಆ ಸಲಹೆಗಳು ಎಸ್‌ಎಸ್‌ಡಿಗಳು ಚಿಕ್ಕದಾಗಿದ್ದ ಕಾಲದವು. 300 ಟಿಬಿ ಬರವಣಿಗೆಯ ಬಾಳಿಕೆ ನಮೂದಿಸಿರುವ ಡ್ರೈವ್‌ಗೆ ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ ಆಗುತ್ತದೆ. ಆ ಲೆಕ್ಕದಲ್ಲಿ ನಲವತ್ತು ವರ್ಷ ಬೇಕು. ಅಷ್ಟರೊಳಗೆ ಲ್ಯಾಪ್‌ಟಾಪೇ ಉಳಿದಿರುವುದಿಲ್ಲ.

ಪೇಜ್ ಫೈಲನ್ನು ತೆಗೆಯಬೇಡಿ. ಅದನ್ನು ತೆಗೆದ ಒಂದು ಯಂತ್ರದಲ್ಲಿ 4 ಜಿಬಿ ರ್‍ಯಾಮ್ ಮಾತ್ರ ಇದ್ದು, ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದೊಡನೆ ಪ್ರೋಗ್ರಾಮ್‌ಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಮಾಲೀಕರು ಎಸ್‌ಎಸ್‌ಡಿಯನ್ನೇ ದೂಷಿಸುತ್ತಿದ್ದರು. ಗಾತ್ರವನ್ನು ವಿಂಡೋಸ್‌ನ ನಿರ್ಧಾರಕ್ಕೆ ಬಿಟ್ಟ ಮೇಲೆ ತೊಂದರೆ ನಿಂತಿತು.

ಡಿಫ್ರಾಗ್ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ವಿಂಡೋಸ್ 8ರಿಂದೀಚೆಗೆ 'ಆಪ್ಟಿಮೈಜ್ ಡ್ರೈವ್ಸ್' ಎಂಬ ವಾರದ ಕೆಲಸವು ಡ್ರೈವ್‌ನ ಬಗೆಯನ್ನು ನೋಡಿ, ಎಸ್‌ಎಸ್‌ಡಿ ಆಗಿದ್ದರೆ ಅದಕ್ಕೆ ಟ್ರಿಮ್ ಆದೇಶ ಕಳಿಸುತ್ತದೆ. ಅಳಿಸಿದ ಕಡತಗಳ ಜಾಗ ಇನ್ನು ಬೇಡವೆಂದು ಡ್ರೈವ್‌ಗೆ ತಿಳಿಸುವುದೇ ಟ್ರಿಮ್. ಅದಿಲ್ಲದಿದ್ದರೆ ಡ್ರೈವ್ ಬೇಡದ ದತ್ತಾಂಶವನ್ನೂ ಅತ್ತಿಂದಿತ್ತ ಸಾಗಿಸುತ್ತಾ ನಿಧಾನವಾಗುತ್ತದೆ. ಡಿಫ್ರಾಗ್ ಎಂದು ತಿಳಿದು ಆ ಕೆಲಸವನ್ನೇ ನಿಲ್ಲಿಸಿದರೆ ಹಾನಿ ನಿಮಗೇ. ಆದರೆ ಒಂದನ್ನು ಪರೀಕ್ಷಿಸಿ: ಕ್ಲೋನ್ ಮಾಡಿದ ವಿಂಡೋಸ್ ಕೆಲವೊಮ್ಮೆ ಹೊಸ ಡ್ರೈವನ್ನೂ ಹಾರ್ಡ್ ಡಿಸ್ಕ್ ಎಂದೇ ತೋರಿಸುತ್ತದೆ. ಹಾಗಿದ್ದರೆ ಚಾರ್ಜರ್ ಜೋಡಿಸಿ, ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿನ್‌ಸ್ಯಾಟ್ ಫಾರ್ಮಲ್ ಎಂಬ ಆದೇಶ ನಡೆಸಿ. ನನ್ನ ಯಂತ್ರದಲ್ಲಿ ಅದರ ನಂತರ ಹೆಸರು ಸರಿಯಾಯಿತು. ಅದೇ ಕಿಟಕಿಯಲ್ಲಿ ಎಫ್‌ಎಸ್‌ಯುಟಿಲ್‌ನ ಡಿಸೇಬಲ್‌ಡಿಲೀಟ್‌ನೋಟಿಫೈ ಪ್ರಶ್ನೆಗೆ 0 ಎಂಬ ಉತ್ತರ ಬಂದರೆ ಟ್ರಿಮ್ ಚಾಲನೆಯಲ್ಲಿದೆ ಎಂದರ್ಥ. ಸೊನ್ನೆ ಕಂಡು ಟ್ರಿಮ್ ನಿಂತಿದೆಯೆಂದು ತಿಳಿಯಬೇಡಿ.

ಹೈಬರ್ನೇಶನ್ ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಅದರ ಕಡತ ಸಾಮಾನ್ಯವಾಗಿ ರ್‍ಯಾಮ್‌ನ 40 ಶೇಕಡಾದಷ್ಟು ಜಾಗ ಹಿಡಿಯುತ್ತದೆ. ಅದನ್ನು ತೆಗೆದರೆ ವಿಂಡೋಸ್ ಬೇಗ ತೆರೆಯಲು ನೆರವಾಗುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಬ್ಯಾಟರಿ ಮುಗಿಯುವಾಗ ಕೆಲಸ ಉಳಿಸಿಕೊಡುವ ಸೌಲಭ್ಯವನ್ನು ಕೆಲವೇ ಜಿಬಿ ಜಾಗಕ್ಕಾಗಿ ಕಳೆದುಕೊಳ್ಳುವುದು ನನಗೆ ಸರಿಯೆನಿಸಲಿಲ್ಲ.

ಉತ್ತರ 4

ಎರಡು ಮಾತು ಸೇರಿಸುತ್ತೇನೆ. ನಿಮ್ಮ ಲ್ಯಾಪ್‌ಟಾಪ್‌ನ ಸಾಟಾ ಸಂಪರ್ಕ ಸೆಕೆಂಡಿಗೆ 3 ಗಿಗಾಬಿಟ್‌ನದಾಗಿದ್ದರೆ ಡ್ರೈವ್‌ನ ಪೆಟ್ಟಿಗೆಯ ಮೇಲಿರುವ ಸೆಕೆಂಡಿಗೆ 550 ಎಂಬಿ ವೇಗದ ಅರ್ಧದಷ್ಟೇ ಕಾಣುತ್ತದೆ. ಅದಕ್ಕಾಗಿ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ದಿನನಿತ್ಯದ ಚುರುಕು ಬರುವುದು ಆ ವೇಗದಿಂದಲ್ಲ, ಹಾರ್ಡ್ ಡಿಸ್ಕ್‌ನಂತೆ ಪ್ರತಿ ಓದಿಗೂ ಹತ್ತಾರು ಮಿಲಿಸೆಕೆಂಡು ತಲೆ ಸರಿಸಿ ಕಾಯಬೇಕಾಗಿಲ್ಲವೆಂಬುದರಿಂದ.

ಇನ್ನೊಂದು, ಟ್ರಿಮ್ ಚಾಲನೆಯಲ್ಲಿರುವ ಎಸ್‌ಎಸ್‌ಡಿಯಿಂದ ಅಳಿಸಿದ ಕಡತವನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಹಾರ್ಡ್ ಡಿಸ್ಕ್‌ನ ಅಭ್ಯಾಸದಲ್ಲಿ, ರಿಕವರಿ ಸಾಫ್ಟ್‌ವೇರ್ ಇದೆಯಲ್ಲ ಎಂಬ ನಂಬಿಕೆಯಿಂದ ಒಂದು ಫೋಲ್ಡರ್ ತುಂಬ ಕುಟುಂಬದ ಫೋಟೋಗಳನ್ನು ನಾನು ಕಳೆದುಕೊಂಡೆ. ಆದ್ದರಿಂದ ತೆಗೆದ ಹಳೆಯ ಡಿಸ್ಕನ್ನು ಕೂಡಲೇ ಫಾರ್ಮ್ಯಾಟ್ ಮಾಡದೆ ಒಂದೆರಡು ತಿಂಗಳು ಹಾಗೆಯೇ ಎತ್ತಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬಯೋಸ್ ನೋಡಿದಾಗ ನನ್ನದು ಮೊದಲಿನಿಂದಲೂ ಎಎಚ್‌ಸಿಐಯಲ್ಲೇ ಇತ್ತು, ಹಾಗಾಗಿ ಅಲ್ಲಿ ಏನನ್ನೂ ಮುಟ್ಟಲಿಲ್ಲ. ಕ್ಲೋನ್ ಆದ ಮೇಲೆ ಆಪ್ಟಿಮೈಜ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕ್ ಎಂದೇ ತೋರಿಸುತ್ತಿತ್ತು. ವಿನ್‌ಸ್ಯಾಟ್ ನಡೆಸಿದ ನಂತರ ಸರಿಯಾಯಿತು, ಟ್ರಿಮ್ ಪ್ರಶ್ನೆಗೆ 0 ಬಂದಿದೆ. ಹಳೆಯ ಡಿಸ್ಕಿಗೆ ಇಂದಿನ ದಿನಾಂಕದ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದೇನೆ.