ನಾಯಿ ಕಚ್ಚಿದ ಹೇಂಟೆ ಕೂಗದೆ ನಿಂತಿದೆ, ಅದಕ್ಕೆ ನೋವಿಲ್ಲವೇ?

ಬಿಳಿಪುಕ್ಕ:
ನಿನ್ನೆ ಸಂಜೆ ನಾಯಿಯೊಂದು ನಮ್ಮ ಹೇಂಟೆಯ ಬೆನ್ನಿಗೆ ಬಾಯಿ ಹಾಕಿ ಎಳೆದಾಡಿತು. ಬಾಲದ ಬುಡದಲ್ಲಿ ಚರ್ಮ ಹರಿದು ಮಾಂಸ ಕಾಣುತ್ತಿದೆ. ರಕ್ತ ನಿಂತಿದೆ. ಆದರೆ ಅದು ಕೂಗುವುದೂ ಇಲ್ಲ, ಒದ್ದಾಡುವುದೂ ಇಲ್ಲ. ಪುಕ್ಕ ಉಬ್ಬಿಸಿ, ಕಣ್ಣು ಅರೆಮುಚ್ಚಿ ಮೂಲೆಯಲ್ಲಿ ನಿಂತಿದೆ. "ಕೋಳಿಗೆಲ್ಲ ಅಷ್ಟು ನೋವಾಗಲ್ಲ, ಮೆಣಸಿನಕಾಯಿ ತಿಂದರೂ ಏನೂ ಆಗಲ್ಲ ನೋಡು" ಅಂತಾರೆ ಮನೆಯವರು. ನಮ್ಮ ನೋವಿನ ಮಾತ್ರೆಯನ್ನೇ ಪುಡಿ ಮಾಡಿ ಕೊಡಲೇ?

ಗೂಡುಗಾರ:
ಮೊದಲು ಬೇರೆ ಕೋಳಿಗಳಿಂದ ದೂರ ಇಡಿ. ಕೆಂಪು ಕಂಡರೆ ಉಳಿದವು ಅಲ್ಲೇ ಕುಕ್ಕುತ್ತವೆ, ಸಾಯುವವರೆಗೂ ಬಿಡುವುದಿಲ್ಲ.

ಹಳೆಹುಂಜ:
ಕೋಳಿ ಸಾಕುವುದರಲ್ಲೇ ನನ್ನ ಬದುಕು ಕಳೆದಿದೆ. ನೀವು ಬರೆದ ಆ ನಿಲುವೇ ನೋವು. ಹಿಡಿದು ತಿನ್ನುವವರ ಕಣ್ಣಿಗೆ ಬೀಳುವ ಪ್ರಾಣಿ ತನ್ನ ಸಂಕಟವನ್ನು ಕೂಗಿ ಹೇಳುವುದಿಲ್ಲ. ಪುಕ್ಕ ತೀಡಿಕೊಳ್ಳುವುದನ್ನು ಬಿಡುತ್ತದೆ, ಮೇವಿನ ಹತ್ತಿರ ಬಂದು ತಿನ್ನದೆ ನಿಲ್ಲುತ್ತದೆ, ಅಷ್ಟೇ.

ಮೆಣಸಿನಕಾಯಿಯ ಮಾತು ಅರ್ಧ ನಿಜ. ಖಾರದ ಅಂಶವಾದ ಕ್ಯಾಪ್ಸೈಸಿನ್ ಹಕ್ಕಿಗಳ ನರಗಳಿಗೆ ಉರಿಯಾಗಿ ತಾಕುವುದಿಲ್ಲ. ಸುಟ್ಟರೆ, ಹರಿದರೆ, ಮುರಿದರೆ ತಾಕುತ್ತದೆ. ಕುಂಟುವ ಮಾಂಸದ ಕೋಳಿಗಳ ಮುಂದೆ ಎರಡು ಬಗೆಯ ಮೇವಿಟ್ಟು ನೋಡಿದ ಪ್ರಯೋಗವೊಂದು 2000ರಲ್ಲಿ ಪ್ರಕಟವಾಯಿತು. ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವಿನ ಔಷಧಿ ಬೆರೆಸಿದ್ದರು. ಆರೋಗ್ಯವಾಗಿದ್ದ ಕೋಳಿಗಳಿಗಿಂತ ಕುಂಟುವವು ಔಷಧಿಯ ಮೇವನ್ನು ಹೆಚ್ಚು ತಿಂದವು. ಕುಂಟು ಜೋರಾದಷ್ಟೂ ಹೆಚ್ಚು ತಿಂದವು. ಇದಕ್ಕಿಂತ ಸ್ಪಷ್ಟವಾಗಿ ಕೋಳಿ ಇನ್ನು ಹೇಗೆ ಹೇಳಬೇಕು?

ಈಗ ಗಾಯ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ಮಣ್ಣು, ಪುಕ್ಕದ ಚೂರು ಎಲ್ಲ ಹೋಗುವವರೆಗೂ ತೊಳೆಯಿರಿ. ಸುತ್ತಲಿನ ಪುಕ್ಕ ಕತ್ತರಿಸಿ ನೋಡಿ. ಹರಿದ ಜಾಗಕ್ಕಿಂತ ಹಲ್ಲು ನೆಟ್ಟ ಸಣ್ಣ ತೂತುಗಳೇ ಅಪಾಯ, ಕೊಳಕೆಲ್ಲ ಅವುಗಳ ಒಳಗಿರುತ್ತದೆ. ಪೊವಿಡೋನ್ ಅಯೋಡಿನ್ ಹಚ್ಚುವುದಾದರೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಕಂಡಕಂಡ ಪುಡಿ ತುಂಬಬೇಡಿ. ನೊಣ ಕೂರದಂತೆ ಒಳಗೆ ಇಡಿ. ನೊಣ ಗಾಯದಲ್ಲಿ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಆಗಬಹುದು.

ಹಿಡಿಯುವಾಗ ಎದೆ ಅದುಮಬೇಡಿ. ಕೋಳಿಗೆ ನಮ್ಮ ಹಾಗೆ ವಪೆ (ಎದೆ-ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯು) ಇಲ್ಲ, ಎದೆಗೂಡು ಆಡಿದರಷ್ಟೇ ಉಸಿರು. ಒಂದು ಕೈಯನ್ನು ಹೊಟ್ಟೆಯಡಿ ಕೊಟ್ಟು, ರೆಕ್ಕೆ ಸಡಿಲವಾಗಿ ಮುಚ್ಚುವ ಹಾಗೆ ಬಟ್ಟೆ ಸುತ್ತಿ.

ಮಾತ್ರೆ ಮಾತ್ರ ಬೇಡ. ಪಶುವೈದ್ಯರು ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧಿ ಕೊಡುತ್ತಾರೆ, ಅದೂ ತೂಕ ನೋಡಿ. ನೀರು ಕುಡಿಯದೆ ಬಳಲಿದ ಹಕ್ಕಿಗೆ ಇಂಥ ಔಷಧಿ ಮೂತ್ರಪಿಂಡಕ್ಕೇ ಕುತ್ತು. ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅನ್ನುವುದನ್ನೂ ಅವರನ್ನೇ ಕೇಳಿ. ನಾಯಿ ಕಡಿತಕ್ಕೆ ಆ್ಯಂಟಿಬಯೋಟಿಕ್ ಬೇಕಾಗುವ ಸಂಭವ ಹೆಚ್ಚು, ಹಾಗಾಗಿ ಹೇಗೂ ತೋರಿಸಲೇಬೇಕು.

ಬಿಳಿಪುಕ್ಕ:
ತೋರಿಸಿ ಬಂದೆ, ಚುಚ್ಚುಮದ್ದು ಹಾಕಿದರು. ಇವತ್ತು ನೆನೆಸಿದ ಮೇವು ತಿಂತು. ಆದರೆ ಗಾಯದ ಸುತ್ತ ಹಸಿರು ಬಣ್ಣ ಬಂದಿದೆ! ಕೊಳೆಯುತ್ತಿದೆಯೇ?

ಹಳೆಹುಂಜ:
ಗಾಬರಿಯಾಗಬೇಡಿ. ನಮಗೆ ಪೆಟ್ಟು ಬಿದ್ದ ಜಾಗ ಮೊದಲು ನೀಲಿಯಾಗಿ ಆಮೇಲೆ ಹಳದಿಯಾಗುತ್ತದೆ. ಕೋಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಬಿಲಿವರ್ಡಿನ್ ಎಂಬ ಹಸಿರು ಬಣ್ಣಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಮೂಗಿಟ್ಟು ನೋಡಿ. ಕೆಟ್ಟ ವಾಸನೆ ಬಂದರೆ, ಚರ್ಮ ಕಪ್ಪಾಗಿ ತಣ್ಣಗಿದ್ದರೆ ಅದೇ ದಿನ ವೈದ್ಯರ ಬಳಿ ಒಯ್ಯಿರಿ. ಕೀವು ಹರಿಯುತ್ತದೆ ಅಂತ ಕಾಯಬೇಡಿ, ಕೋಳಿಯ ಕೀವು ಗಟ್ಟಿ ಗಡ್ಡೆಯಾಗಿಯೇ ಒಳಗೆ ಕೂರುತ್ತದೆ. ತೊಳೆದಾಗಲೆಲ್ಲ ಸುತ್ತ ಬೆರಳಾಡಿಸಿ ನೋಡುತ್ತಿರಿ.