ರಾಜಕಾಲುವೆ ಅಗಲ ಮಾಡಿದ್ದಾರೆ, ನಮ್ಮ ಸೈಟಿಗೆ ಇನ್ನು ನೀರು ನುಗ್ಗಲ್ವಾ?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ನಮ್ಮದೊಂದು ಸೈಟಿದೆ. 2022ರ ಸೆಪ್ಟೆಂಬರ್ ಮಳೆಗೆ ಅಲ್ಲಿ ಮೂರಡಿ ನೀರು ನಿಂತಿತ್ತು. ಈಗ ಪಕ್ಕದ ರಾಜಕಾಲುವೆ ಅಗಲ ಮಾಡಿ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ಹೋದ ಮಳೆಗಾಲದಲ್ಲಿ ನೀರು ಬರಲಿಲ್ಲ. 'ಇನ್ನು ಇದು ನೀರು ನುಗ್ಗುವ ಜಾಗ ಅಲ್ಲ, ಬಫರ್ ಚಿಂತೆಯೂ ಬೇಡ' ಅಂತಾರೆ ಬ್ರೋಕರ್. ನಂಬಬಹುದಾ?

ಉತ್ತರ (ಮಳೆನೀರು ಕಾಲುವೆ ವಿನ್ಯಾಸ ಮಾಡುವ ಎಂಜಿನಿಯರ್): ನಮಸ್ಕಾರ. ಬಫರ್, ಅಂದರೆ ಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ, ಆ ಮಾತು ಮೊದಲು ಮುಗಿಸೋಣ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕಾಲುವೆಯ ನಡುಮಧ್ಯದಿಂದ ಅಳೆದು ಪ್ರಾಥಮಿಕ ಹಂತದ (ಮುಖ್ಯ) ಕಾಲುವೆಗೆ 50, ಅದಕ್ಕೆ ಸೇರುವ ದ್ವಿತೀಯಕ್ಕೆ 25, ಇನ್ನೂ ಚಿಕ್ಕ ತೃತೀಯಕ್ಕೆ 15 ಮೀಟರ್. 2019ರಲ್ಲಿ ಸುಪ್ರೀಂ ಕೋರ್ಟ್ ಇದೇ ಅಳತೆಯನ್ನು ಉಳಿಸಿತು. ಗೋಡೆ ಕಟ್ಟಿದ ಮಾತ್ರಕ್ಕೆ ಈ ಗೆರೆ ಹಿಂದೆ ಸರಿಯಲ್ಲ.

ನೀರಿನ ಗೆರೆ ಬೇರೆ. ಕಳೆ ತುಂಬಿದ ಮಣ್ಣಿನ ಕಾಲುವೆಗೆ ಕಾಂಕ್ರೀಟ್ ಹಾಕಿದರೆ, ಅಗಲ ಅಷ್ಟೇ ಇದ್ದರೂ ಎರಡು ಪಟ್ಟು ನೀರು ಓಡಬಹುದು. ಅದು ನಿಜವಾದ ಲಾಭ. ಆದರೆ ಮೇಲಿನ ಬಡಾವಣೆಗಳಲ್ಲೂ ಹೀಗೇ ಮಾಡಿದ್ದರೆ ಅಲ್ಲಿನ ನೀರೂ ಬೇಗ ಬಂದು ನಿಮ್ಮ ಹತ್ತಿರವೇ ಸೇರುತ್ತದೆ. ಹಾಗಾಗಿ ಒಂದು ದಿನ ಕಾಲುವೆ ಜೊತೆಗೇ ಕೆಳಗಿನ ಕೆರೆವರೆಗೆ ನಡೆದು ನೋಡಿ. ದಾರಿಯಲ್ಲಿ ರಸ್ತೆ ಅಡಿ ಹಳೇ ಮೋರಿ ಹಾಗೇ ಉಳಿದಿದೆಯಾ? ಹೂಳು, ಪೈಪು, ಕೇಬಲ್ಲು ಸಿಕ್ಕಿಕೊಂಡಿವೆಯಾ? ಕಾಲುವೆ ಎಷ್ಟೇ ಅಗಲ ಇರಲಿ, ಅಲ್ಲಿ ಕಟ್ಟಿಕೊಂಡ ನೀರು ಹಿಂದಕ್ಕೆ ಏರುತ್ತದೆ.

ಸರ್ವೇಯರ್ ಕರೆಸಿ ಮೂರು ಕಡೆ ಲೆವೆಲ್ ತೆಗೆಸಿ: ನಿಮ್ಮ ಸೈಟು, ಕೆಳಗಿನ ಕೆರೆಯ ಕೋಡಿ, ಮತ್ತು 2022ರ ನೀರಿನ ಕಲೆ. ಆ ಕಲೆ ಪಕ್ಕದ ಕಾಂಪೌಂಡಿನ ಮೇಲೆ ಇನ್ನೂ ಕಾಣಬಹುದು, ಕಂದು ಬಣ್ಣದ ಅಡ್ಡಗೆರೆ. ಕೋಡಿ ಮಟ್ಟಕ್ಕಿಂತ ಸೈಟು ತಗ್ಗಿದ್ದರೆ, ಕೆರೆ ತುಂಬಿದ ದಿನ ಗೋಡೆಯೊಂದನ್ನೇ ನಂಬೋದು ಕಷ್ಟ.

ಹೋದ ವರ್ಷ ಬರಲಿಲ್ಲ ಅಂದಿರಿ. ಅವತ್ತಿನಂಥ ಮಳೆ ಬಿದ್ದಿತ್ತಾ? 2022ರಲ್ಲಿ ಒಂದೇ ದಿನ ಸುಮಾರು 130 ಮಿ.ಮೀ. ಸುರಿದಿತ್ತು. ಅಂದರೆ ಎಕರೆಗೆ 5 ಲಕ್ಷ ಲೀಟರಿಗೂ ಜಾಸ್ತಿ. ಸಣ್ಣ ಮಳೆ ಗೆದ್ದ ಕಾಲುವೆ ಅದನ್ನೂ ಗೆಲ್ಲುತ್ತೆ ಅನ್ನೋಕಾಗಲ್ಲ.

ಮರುಪ್ರಶ್ನೆ: ಹಳೇ ಪಹಣಿಯಲ್ಲಿ 'ತರಿ' ಅಂತಿದೆ ಸರ್. ನಾಲ್ಕಡಿ ಮಣ್ಣು ಹೊಡೆಸಿಬಿಡಲಾ?

ಉತ್ತರ: ತರಿ ಅಂದರೆ ನೀರು ಹಾಯಿಸುತ್ತಿದ್ದ ಗದ್ದೆ, ತಗ್ಗಿನ ಜಾಗವೇ ಇರಬೇಕು. ಮಣ್ಣು ಹೊಡೆಸಬೇಡಿ. ನಿಮ್ಮಲ್ಲಿ ನಿಲ್ಲುವ ನೀರು ಪಕ್ಕದವರ ಮನೆಗೆ ಹೋಗುತ್ತದೆ. ಸೈಟು ಬಫರಿನ ಹೊರಗಿದೆ ಅಂತ ಖಚಿತವಾದ ಮೇಲೆ ಕಂಬಗಳ ಮೇಲೆ ಮನೆ ಎತ್ತಿ. ಕೆಳಗೆ ಪಾರ್ಕಿಂಗ್ ಇರಲಿ, ಬೇಸ್‌ಮೆಂಟ್ ಬೇಡ. ಮನೆಯ ನೆಲ ಆ ಕಲೆಗಿಂತ ಕನಿಷ್ಠ 2 ಅಡಿ ಮೇಲಿರಲಿ.

ಇನ್ನೊಂದು ಮರೆತಿದ್ದೆ. ತಡೆಗೋಡೆಯಲ್ಲಿ ನಿಮ್ಮ ಕಡೆಯ ಮಳೆನೀರು ಕಾಲುವೆಗೆ ಇಳಿಯಲು ಕಿಂಡಿ ಬಿಟ್ಟಿದ್ದಾರಾ ನೋಡಿ. ಕಿಂಡಿ ಇಲ್ಲದಿದ್ದರೆ ನಿಮ್ಮ ಬೀದಿಯ ನೀರು ಗೋಡೆ ಈಚೆಗೇ ನಿಲ್ಲುತ್ತದೆ. ಇದ್ದರೆ, ಕಾಲುವೆ ತುಂಬಿದಾಗ ತಾನಾಗೇ ಮುಚ್ಚಿಕೊಳ್ಳುವ ಕದ ಬೇಕು, ಇಲ್ಲಾಂದ್ರೆ ಅಲ್ಲಿಂದಲೇ ನೀರು ಒಳಗೆ ಬರುತ್ತದೆ. ಕಿಂಡಿಯ ಫೋಟೋ ಹಾಕಿ, ನೋಡಿ ಹೇಳ್ತೀನಿ.