ಸಹಾಯ ಬೇಕು: 60 ಮಂದಿಗೆ ಗೋಧಿ ಹುಗ್ಗಿ, ನೀರಿನ ಅಳತೆ ಎಷ್ಟು?

ಎಲ್ಲರಿಗೂ ನಮಸ್ಕಾರ್ರಿ. ನಾವು ಗದಗಿನವರು. ಮುಂದಿನ ವಾರ ತಂಗಿಯ ಕುಬಸ (ಸೀಮಂತ) ಇದೆ, ಹುಗ್ಗಿ ಮನೆಯಲ್ಲೇ ಆಗಬೇಕು ಅಂತ ಅವ್ವನ ಆಸೆ. ಮನೆಮಂದಿಗೆ ಮಾಡುವಾಗ ವಾಟಗದ (ಬಟ್ಟಲಿನ) ಲೆಕ್ಕ: ಕುಟ್ಟಿದ ಗೋಧಿ ಒಂದು, ಪುಡಿ ಬೆಲ್ಲ ಒಂದು, ಕುಕ್ಕರಿಗೆ ನೀರು ನಾಲ್ಕು. ಈಗ 3 ಕೆಜಿ ಗೋಧಿಗೆ ಇದನ್ನೇ ಸುಮ್ನೆ ಗುಣಿಸಿದರೆ ನಡೆಯುತ್ತಾ?

ಬೆಲ್ಲದ ಚಿಂತೆ ಇಲ್ಲ. ವಾಟಗದಲ್ಲಿ ಒತ್ತಿ ತುಂಬಿದರೆ ಒಂದು ತೂಕ, ಸಡಿಲ ಇದ್ದರೆ ಇನ್ನೊಂದು, ಅದಕ್ಕೆ ತಕ್ಕಡಿಯಲ್ಲೇ ತೂಗುತ್ತೇವೆ. ನೀರಿನದೇ ತಲೆನೋವು. ಕುಕ್ಕರಿನಲ್ಲಿ ಉಗಿ ಅಷ್ಟಾಗಿ ಹೊರಗೆ ಹೋಗಲ್ಲ, ಇಲ್ಲಿ ದೊಡ್ಡ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಯಬೇಕು, ನೀರು ಆರುತ್ತೆ, ಆದರೆ ಪಾತ್ರೆ ಆಳ ಇದ್ದಷ್ಟೂ ಒಟ್ಟು ಅಳತೆಗೆ ಹೋಲಿಸಿದರೆ ಕಡಿಮೆ ಆರುತ್ತೆ ಅಲ್ವಾ? ಗೋಧಿ ಪೂರ್ತಿ ಬೇಯುವ ಮುಂಚೆ ಬೆಲ್ಲ ಬಿದ್ದರೆ ಕಾಳು ಮೆತ್ತಗಾಗಲ್ಲ, ಹಾಗಾಗಿ ನೀರಿನ ಅಳತೆ ಮೊದಲೇ ಗೊತ್ತಿರಬೇಕು.

ಏಲಕ್ಕಿ, ಜಾಜಿಕಾಯಿ ಮಾತ್ರ ಕಡಿಮೆ ಹಾಕಿ ರುಚಿ ನೋಡಿ ಸೇರಿಸುತ್ತೇವೆ.

ಮಂದಿಗೆ ಮಾಡಿ ರೂಢಿ ಇರುವ ಅಕ್ಕಂದಿರು, ಕಾಕಾಗಳು ದಯವಿಟ್ಟು ಹೇಳಿ, 1 ಕೆಜಿ ಗೋಧಿಗೆ ಎಷ್ಟು ಲೀಟರ್ ನೀರು? ರಾತ್ರಿ ನೆನೆಸಿದ್ದಕ್ಕೋ, ಒಣ ಗೋಧಿಗೋ ಅನ್ನೋದನ್ನೂ ಬರೆಯಿರಿ.